ಮೇಜಿನ ಮೇಲೆ ಒಂದು ಜುಲು ಸೈನ್ಯ

(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ನಡೆದ ‘ನನ್ನ ಹವ್ಯಾಸ’ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

ದೂರದೂರದ ಊರುಗಳಿಂದ ಕಾರು ಓಡಿಸಿಕೊಂಡು ಬಂದಿರುವ ಕನ್ನಡ ಬಂಧುಗಳೇ, ಮತ್ತು ‘ಕನ್ನಡ ಅರ್ಥ ಆಗತ್ತೆ, ಆದರೆ ಮಾತಾಡಕ್ಕೆ ಬರಲ್ಲ’ ಎಂದು ಅಚ್ಚ ಕನ್ನಡದಲ್ಲೇ ಹೇಳುವ ಮಕ್ಕಳೇ,

ಕಳೆದ ವರ್ಷ ಇದೇ ಗೋಷ್ಠಿಯಲ್ಲಿ ನಮ್ಮ ಮಿತ್ರರೊಬ್ಬರು ಹಿತ್ತಿಲಿನ ಗಾಜಿನ ಮನೆಯಲ್ಲಿ ಕರಿಬೇವು ಬೆಳೆಸಿದ ಕಥೆ ಹೇಳಿದರು. ಭಾಷಣ ಮುಗಿದ ಮೇಲೆ ಕೇಳಿದವರಿಗೆಲ್ಲ ಒಂದೊಂದು ಗಿಡವನ್ನೂ ಕೊಟ್ಟರು. ನನ್ನ ಹತ್ತಿರ ಹಂಚುವುದಕ್ಕೆ ಅಂಥದ್ದೇನೂ ಇಲ್ಲ. ಇರುವುದು ಇನ್ನೂರು ಚಿಲ್ಲರೆ ಜುಲು ಯೋಧರು. ಅವರನ್ನು ಯಾರಿಗೂ ಕೊಡುವ ಮನಸ್ಸೂ ಇಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿ, “ಈ ವಯಸ್ಸಿನಲ್ಲಿ ಗೊಂಬೆ ಆಡ್ತೀನಿ ಅಂತ ಮೈಕಿನಲ್ಲಿ ಹೇಳ್ಕೋಬೇಡಿ, ನಿಮ್ಮ ಹತ್ತಿರ ಹಲ್ಲು ತೋರಿಸೋಕೆ ಬರೋರೂ ಅಲ್ಲಿರ್ತಾರೆ” ಎಂದಳು. ಅವಳ ಮಾತು ಮೀರಿಯೇ ಹೇಳುತ್ತಿದ್ದೇನೆ: ಹೌದು, ನಾನು ಗೊಂಬೆ ಆಡುತ್ತೇನೆ.

ಯೋಚಿಸಿ ನೋಡಿದರೆ ಇದು ನನಗೆ ಹೊಸದೇನಲ್ಲ. ನಾನು ಬೆಳೆದದ್ದು ಮೈಸೂರಿನಲ್ಲಿ. ದಸರಾ ಬಂತೆಂದರೆ ನಮ್ಮಮ್ಮ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದರು. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ, ದೇವರುಗಳು ಅದರ ಕೆಳಗೆ, ಎಲ್ಲಕ್ಕಿಂತ ಕೆಳಗೆ ಮಣ್ಣಿನ ಸಿಪಾಯಿಗಳು ಮತ್ತು ಬ್ಯಾಂಡಿನವರು. ಆ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ಹಳೇ ಪಂಚೆಯ ಚೂರಿನಿಂದ ಧೂಳು ಒರೆಸಿ, ಮುರಿದ ಕೋವಿಗೆ ಅಂಟು ಹಚ್ಚಿ ನಿಲ್ಲಿಸುತ್ತಿದ್ದೆ. ಮುಂದೆ ದಂತವೈದ್ಯನಾಗಿ ಈ ದೇಶಕ್ಕೆ ಬಂದು ದಕ್ಷಿಣ ವೇಲ್ಸಿನಲ್ಲಿ ನೆಲೆಸಿದೆ. ಸಣ್ಣ ಉಪಕರಣ ಹಿಡಿದು ಸಣ್ಣ ಜಾಗದಲ್ಲಿ ಕೆಲಸ ಮಾಡುವುದೇ ಹೊಟ್ಟೆಪಾಡಾಯಿತು. ಗೊಂಬೆ ಮಾತ್ರ ಮರೆತುಹೋಗಿತ್ತು.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಮಗನನ್ನು ಶಾಲೆಯವರು ಬ್ರೆಕನ್ ಊರಿನ ಸೈನಿಕ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಆಗ ಅವನಿಗೆ ಹನ್ನೊಂದು ವರ್ಷ. 1879ರ ಜುಲು ಯುದ್ಧದಲ್ಲಿ ಹೋರಾಡಿದ 24ನೆಯ ರೆಜಿಮೆಂಟಿನ ನೆನಪುಗಳೆಲ್ಲ ಅಲ್ಲಿವೆ. ವೇಲ್ಸಿನಲ್ಲಿ ‘ಜುಲು’ ಎನ್ನುವ 1964ರ ಸಿನಿಮಾ ನೋಡದವರು ಕಡಿಮೆ. ಅದನ್ನು ತೆಗೆದ ಸ್ಟಾನ್ಲಿ ಬೇಕರ್ ಇಲ್ಲಿನ ರೋಂಡಾ ಕಣಿವೆಯವರೇ. ಹುಡುಗ ಮನೆಗೆ ಬಂದವನೇ ರೋರ್ಕ್ಸ್ ಡ್ರಿಫ್ಟಿನ ಕಥೆ ಹೇಳಿದ. ನೂರೈವತ್ತರಷ್ಟು ಸಿಪಾಯಿಗಳು, ಎದುರಿಗೆ ಮೂರು ನಾಲ್ಕು ಸಾವಿರ ಜುಲುಗಳು, ಜೋಳದ ಮೂಟೆಗಳನ್ನು ಪೇರಿಸಿ ಗೋಡೆ, ರಾತ್ರಿಯಿಡೀ ಯುದ್ಧ, ಹನ್ನೊಂದು ವಿಕ್ಟೋರಿಯಾ ಕ್ರಾಸ್ ಪದಕಗಳು. ಅವನಿಗೆ ಕೆಂಪಂಗಿ ಸಿಪಾಯಿಗಳ ಒಂದು ಪೆಟ್ಟಿಗೆ ಬೇಕೇ ಬೇಕಾಯಿತು. ಕೊಡಿಸಿದೆ. ಆದರೆ ಯುದ್ಧಕ್ಕೆ ಎರಡು ಕಡೆಯವರೂ ಬೇಕಲ್ಲ? “ಅಪ್ಪ, ನೀನು ಜುಲು ಆಗು” ಎಂದ. ಹೀಗೆ ನಾನು ಸೇನಾಪತಿಯಾದೆ.

ಈ ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಚದುರಂಗದ ಅಣ್ಣತಮ್ಮ ಎನ್ನಿ. ಆದರೆ ಮನೆಗಳಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ ಗುಡ್ಡ, ಹಳ್ಳ, ಪೊದೆಗಳನ್ನು ಇಡುತ್ತೇವೆ. ಸೈನ್ಯ ಎಷ್ಟು ದೂರ ಹೋಗಬಹುದೆಂದು ಟೇಪು ಹಿಡಿದು ಅಳೆಯುತ್ತೇವೆ. ಗುಂಡು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಇಂಥ ಆಟಕ್ಕೆ ನಿಯಮ ಮಾಡಿಕೊಟ್ಟರು. ನಾವು ಮೊದಲು ಮನೆಯಲ್ಲೇ ಏನೋ ನಿಯಮ ಮಾಡಿಕೊಂಡಿದ್ದೆವು. 2016ರಲ್ಲಿ ಡೇನಿಯಲ್ ಮರ್ಸಿಯವರ ‘ದಿ ಮೆನ್ ಹೂ ವುಡ್ ಬಿ ಕಿಂಗ್ಸ್’ ಬಂದ ಮೇಲೆ ಅದನ್ನು ಅನುಸರಿಸುತ್ತಿದ್ದೇವೆ. ಅದರಲ್ಲಿ ಬ್ರಿಟಿಷ್ ಪದಾತಿಯ ಒಂದು ತುಕಡಿಗೆ 12 ಗೊಂಬೆ, ಜುಲುಗಳಂಥ ಬುಡಕಟ್ಟಿನ ಸೈನ್ಯದ ತುಕಡಿಗೆ 16 ಗೊಂಬೆ. ನಮ್ಮ ಗೊಂಬೆಗಳು 28 ಮಿಲಿಮೀಟರಿನವು, ಅಂದರೆ ಒಂದಂಗುಲಕ್ಕಿಂತ ಸ್ವಲ್ಪ ಎತ್ತರ.

ಲೆಕ್ಕ ನೋಡಿ. ಮಗ ಮೂರು ತುಕಡಿಯ 36 ಸಿಪಾಯಿಗಳಿಗೆ ಬಣ್ಣ ಹಚ್ಚಿದರೆ ಅವನ ಕೆಲಸ ಮುಗಿಯಿತು. ನನಗೆ ಎಂಟು ತುಕಡಿ ಬೇಕು, ಎಂದರೆ 128. ಜುಲು ಸೈನ್ಯ ಕಟ್ಟಲು ಹೊರಟವರೆಲ್ಲರ ಮೊದಲ ಕಷ್ಟ ಇದೇ. ಒಂದೊಂದನ್ನೇ ಮುಗಿಸುತ್ತೇನೆ ಎಂದು ಕೂತರೆ ಆಯುಷ್ಯ ಸಾಲದು. ಮದುವೆ ಮನೆಯಲ್ಲಿ ಎಲೆ ಹಾಕಿ ಬಡಿಸುವ ಹಾಗೆ ಮಾಡಬೇಕು. ಹದಿನಾರನ್ನು ಸಾಲಾಗಿಟ್ಟುಕೊಂಡು ಮೊದಲು ಎಲ್ಲಕ್ಕೂ ಮೈಬಣ್ಣ, ಆಮೇಲೆ ಎಲ್ಲಕ್ಕೂ ಸೊಂಟದ ಚರ್ಮ, ಆಮೇಲೆ ಮೊಣಕೈ ಮೊಣಕಾಲಿಗೆ ಕಟ್ಟಿದ ದನದ ಬಾಲದ ಕುಚ್ಚು. ಕೊನೆಯಲ್ಲಿ ತೆಳುವಾದ ಕಂದು ನೀರುಬಣ್ಣವನ್ನು ಮೇಲಿಂದ ಹರಿಸಿದರೆ ಸಂದುಗೊಂದುಗಳಲ್ಲಿ ನೆರಳು ಕೂತು ಗೊಂಬೆಗೆ ಜೀವ ಬರುತ್ತದೆ. ಅಚ್ಚಿನ ಗೆರೆಗಳನ್ನು ಕೆರೆಯುವುದಕ್ಕೆ ನನ್ನ ಹಳೇ ಹಲ್ಲಿನ ಉಪಕರಣಗಳೇ ಸಾಕಾದವು. ಈ ವಿಷಯ ನನ್ನ ರೋಗಿಗಳಿಗೆ ತಿಳಿಯದಿರಲಿ, ಈಗ ಅವು ಕ್ಲಿನಿಕ್ಕಿನಲ್ಲಿಲ್ಲ!

ಮೂರು ತಿಂಗಳಲ್ಲಿ ನಾಲ್ಕು ತುಕಡಿ ಸಿದ್ಧವಾಯಿತು. ಪೆಟ್ಟಿಗೆಯ ಚಿತ್ರದಲ್ಲಿದ್ದ ಹಾಗೆ ಎಲ್ಲರಿಗೂ ಗರಿ, ಎಲ್ಲರಿಗೂ ಕುಚ್ಚು, ಯಾವ ಬಣ್ಣ ಚೆಂದವೋ ಆ ಬಣ್ಣದ ಗುರಾಣಿ. ಮೇಜಿನ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಮುಂದಕ್ಕೆ ನುಗ್ಗಿಸಿದೆ. ಮಗನ ಸಿಪಾಯಿಗಳು ಅರ್ಧ ದಾರಿಯಲ್ಲೇ ಎಲ್ಲರನ್ನೂ ಮಲಗಿಸಿದರು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಮಾರ್ಟಿನಿ-ಹೆನ್ರಿ ಬಂದೂಕು ಹಿಡಿದ ನುರಿತ ಸಿಪಾಯಿ ನಿಮಿಷಕ್ಕೆ ಹತ್ತು ಹನ್ನೆರಡು ಗುಂಡು ಹಾರಿಸಬಲ್ಲ. ಈಟಿ ಹಿಡಿದವನು ಬಯಲಿನಲ್ಲಿ ನೇರವಾಗಿ ಓಡಿದರೆ ಆಗುವುದು ಇಷ್ಟೇ. ಹುಡುಗನಿಗೆ ಗೆದ್ದು ಗೆದ್ದು ಬೇಸರ ಬಂತು. “ಅಪ್ಪ, ನಿಜವಾದ ಜುಲುಗಳೂ ಇಷ್ಟು ದಡ್ಡರಾ?” ಎಂದು ಕೇಳಿದ.

ಬಂಧುಗಳೇ, ಆ ಪ್ರಶ್ನೆ ನನಗೆ ನಾಟಿತು. ಪೆಟ್ಟು ತಿಂದದ್ದು ನನ್ನ ದಡ್ಡತನದಿಂದ, ಕೆಟ್ಟ ಹೆಸರು ಬಂದದ್ದು ಅವರಿಗೆ. ಅವತ್ತಿನಿಂದ ನಾನು ಲೈಬ್ರರಿಯ ಪುಸ್ತಕಗಳನ್ನು ತಂದು ಓದತೊಡಗಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಶಾಕಾ ಎಂಬ ದೊರೆ ಜುಲು ರಾಜ್ಯವನ್ನು ಕಟ್ಟಿದ. ಅಲ್ಲಿ ಸೈನ್ಯವೆಂದರೆ ಸಂಬಳದ ಸಿಪಾಯಿಗಳಲ್ಲ. ಒಂದೇ ವಯಸ್ಸಿನ ಹುಡುಗರನ್ನೆಲ್ಲ ರಾಜ್ಯದ ಮೂಲೆ ಮೂಲೆಯಿಂದ ಕರೆಸಿ ಒಂದು ದಳ ಮಾಡುತ್ತಿದ್ದರು. ಅದಕ್ಕೆ ‘ಇಬುಥೊ’ ಎಂದು ಹೆಸರು, ಬಹುವಚನದಲ್ಲಿ ‘ಅಮಬುಥೊ’. ಅವರು ರಾಜನ ದನ ಕಾಯುತ್ತಿದ್ದರು, ಹೊಲ ಉಳುತ್ತಿದ್ದರು, ಯುದ್ಧ ಬಂದರೆ ಹೋರಾಡುತ್ತಿದ್ದರು. ರಾಜನ ಅಪ್ಪಣೆಯಾಗುವ ತನಕ ಮದುವೆಯಿಲ್ಲ. ಅಪ್ಪಣೆ ಸಾಮಾನ್ಯವಾಗಿ ಇಡೀ ದಳಕ್ಕೆ ಒಟ್ಟಿಗೇ ಸಿಗುತ್ತಿತ್ತು. ಆಮೇಲೆ ತಲೆಯ ಮೇಲೆ ಕೂದಲಿಗೇ ಸೇರಿಸಿ ಹೊಲಿದ ಕಪ್ಪು ಬಳೆಯಂಥ ‘ಇಸಿಕೋಕೊ’ ಧರಿಸುತ್ತಿದ್ದರು. ಹಾಗಾಗಿ ಗೊಂಬೆಯ ತಲೆ ನೋಡಿದರೆ ಮದುವೆಯಾದವನೋ ಅಲ್ಲವೋ ಗೊತ್ತಾಗಬೇಕು. ನಾನು ಇಪ್ಪತ್ತರ ಹುಡುಗರ ದಳಕ್ಕೆ ತಲೆಬಳೆ ಹಾಕಿ, ಮಧ್ಯವಯಸ್ಸಿನ ಗೃಹಸ್ಥರನ್ನು ಬ್ರಹ್ಮಚಾರಿಗಳನ್ನಾಗಿ ಮಾಡಿಬಿಟ್ಟಿದ್ದೆ!

ಗುರಾಣಿಯ ಕಥೆಯಂತೂ ಇನ್ನೂ ಸೊಗಸು. ಯುದ್ಧದ ಗುರಾಣಿ ಯೋಧನದಲ್ಲ, ರಾಜನದು. ರಾಜನ ದನಗಳ ಚರ್ಮದಿಂದ ಮಾಡಿದ್ದು. ರಾಜನ ಸೈನಿಕ ಊರುಗಳ ಉಗ್ರಾಣದಲ್ಲಿಟ್ಟು ದಳ ಸೇರಿದಾಗ ಹಂಚುತ್ತಿದ್ದರು. ಚಿಕ್ಕ ವಯಸ್ಸಿನವರಿಗೆ ಕಪ್ಪು ಅಥವಾ ಗಾಢ ಬಣ್ಣ, ವಯಸ್ಸು ಮತ್ತು ಅನುಭವ ಹೆಚ್ಚಿದಂತೆ ಬಿಳುಪು. ‘ಇಸಿಹ್ಲಾಂಗು’ ಎಂಬ ದೊಡ್ಡ ಗುರಾಣಿ ಸುಮಾರು ಐದಡಿ ಎತ್ತರ. 1850ರ ದಶಕದಲ್ಲಿ ಕೆಚ್ವಾಯೊ ರಾಜಕುಮಾರನಾಗಿದ್ದಾಗ ಬಳಕೆಗೆ ತಂದ ‘ಉಂಬುಂಬುಲುಜೊ’ ಮೂರೂವರೆ ಅಡಿಯದು, ಹಗುರ. 1879ರ ಹೊತ್ತಿಗೆ ಬಣ್ಣದ ಕಟ್ಟುನಿಟ್ಟು ಸ್ವಲ್ಪ ಸಡಿಲವಾಗಿತ್ತು. ಆದರೂ ದಳಕ್ಕೊಂದು ಬಣ್ಣದ ಛಾಯೆ ಇದ್ದರೆ ಮೇಜಿನ ಮೇಲೆ ಸೈನ್ಯ ಸೈನ್ಯದ ಹಾಗೆ ಕಾಣುತ್ತದೆ.

ಇಲ್ಲಿ ನನ್ನ ಹೆಂಡತಿ ರಂಗಪ್ರವೇಶ ಮಾಡಿದಳು. ಅವಳು ಹಾಸನದ ಕಡೆಯ ರೈತರ ಮನೆಯ ಮಗಳು. ನಾನು ಕಪ್ಪು ಗುರಾಣಿಯ ಮೇಲೆ ಬಿಳಿ ಚುಕ್ಕೆಗಳನ್ನು ರಂಗೋಲಿಯ ಹಾಗೆ ಸಮವಾಗಿ ಇಡುತ್ತಿದ್ದೆ. ಹಿಂದಿನಿಂದ ಬಗ್ಗಿ ನೋಡಿ, “ಇದ್ಯಾವ ಸೀಮೆ ದನಾನ್ರೀ? ಹಸು ಮೈಮೇಲೆ ಯಾರಾದ್ರೂ ಅಳತೆ ಹಿಡಿದು ಚುಕ್ಕಿ ಇಡ್ತಾರಾ?” ಎಂದಳು. ಕುಂಚ ಕಿತ್ತುಕೊಂಡು ಕೂತಳು. ಕೆಂದ ಹಸು, ಮಚ್ಚೆ ಹಸು, ಹಣೆಯಲ್ಲಿ ಚಂದ್ರ ಇರುವ ಹಸು, ಹೊಟ್ಟೆ ಮಾತ್ರ ಬಿಳುಪಾದದ್ದು, ಒಂದೊಂದು ಗುರಾಣಿಗೂ ತಮ್ಮ ಮನೆಯ ಕೊಟ್ಟಿಗೆಯಲ್ಲಿದ್ದ ಒಂದೊಂದು ದನವನ್ನು ನೆನಪಿಸಿಕೊಂಡು ಬಣ್ಣ ಹಚ್ಚಿದಳು. “ಇದು ನಮ್ಮ ಗೌರಿ, ಇದು ಕೆಂಪಿ, ಇದು ಒದೆಯೋ ಕಾಳಿ.” ಮಗ ಪಕ್ಕದಲ್ಲಿ ಕೂತು ಕೇಳುತ್ತಿದ್ದ. ತನ್ನ ಅಜ್ಜಿಯ ಮನೆಯ ದನಗಳ ಹೆಸರು ಅವನಿಗೆ ತಿಳಿದದ್ದು ಹೀಗೆ, ಆಫ್ರಿಕದ ಗುರಾಣಿಗಳ ಮೂಲಕ. ಜುಲು ಭಾಷೆಯಲ್ಲಿ ದನದ ಮೈಬಣ್ಣ, ಮಚ್ಚೆ, ಕೊಂಬಿನ ಆಕಾರಗಳಿಗೆ ನೂರಾರು ಪದಗಳಿವೆ ಎಂದು ಆಮೇಲೆ ಓದಿದೆ. ನನ್ನ ಹೆಂಡತಿಗೆ ಹೇಳಿದರೆ ಆಶ್ಚರ್ಯವಾಗಲಿಲ್ಲ. “ದನ ಸಾಕೋರಿಗೆ ಬೇಕಾಗತ್ತೆ” ಎಂದಳು, ಅಷ್ಟೇ.

ಜುಲುಗಳ ವ್ಯೂಹಕ್ಕೂ ಗೂಳಿಯದೇ ರೂಪ. ನಡುವೆ ‘ಎದೆ’, ಶತ್ರುವನ್ನು ಎದುರಿನಿಂದ ಹಿಡಿದಿಡುವುದು ಅದರ ಕೆಲಸ. ಎರಡು ಬದಿಗೆ ಎರಡು ‘ಕೊಂಬು’, ಚುರುಕಾದ ಹುಡುಗರ ದಳಗಳು, ದೂರದಿಂದ ಬಳಸಿ ಬಂದು ಹಿಂದೆ ಸೇರಿಕೊಳ್ಳುವುದು. ಎದೆಯ ಹಿಂದೆ ‘ಸೊಂಟ’, ಅನುಭವಿಗಳ ಮೀಸಲು ಪಡೆ. ಚಕ್ರವ್ಯೂಹದ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ನಾನು ಮಾತ್ರ ಮೂರು ವಾರ ಬರೀ ಎದೆಯನ್ನೇ ಕೊಟ್ಟು ಗುಂಡು ತಿಂದಿದ್ದೆ.

1879ರ ಜನವರಿ 22ರಂದು ಇಸಾಂಡ್ಲ್ವಾನ ಬೆಟ್ಟದ ಬುಡದಲ್ಲಿ ನಡೆದದ್ದು ಇದೇ. ಎಪ್ಪತ್ತರ ಆಸುಪಾಸಿನ ಎನ್‌ಚಿಂಗ್ವಾಯೊ ಎಂಬ ಹಿರಿಯ ಸೇನಾನಿ ರಾಜಧಾನಿಯಿಂದ ಸೈನ್ಯದ ಜೊತೆ ಕಾಲ್ನಡಿಗೆಯಲ್ಲೇ ಬಂದಿದ್ದ. ಸುಮಾರು ಇಪ್ಪತ್ತು ಸಾವಿರ ಜನ ಒಂದು ಕಣಿವೆಯಲ್ಲಿ ಸದ್ದಿಲ್ಲದೆ ಕೂತಿದ್ದರು. ಅವತ್ತು ಅಮಾವಾಸ್ಯೆ. ನಮ್ಮವರ ಹಾಗೆ ಅವರಿಗೂ ಅದು ಒಳ್ಳೆಯ ಕೆಲಸಕ್ಕೆ ತಕ್ಕ ದಿನವಲ್ಲ. ಮಾರನೆಯ ದಿನ ಯುದ್ಧ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ಬ್ರಿಟಿಷರ ಕಾವಲು ಸವಾರರು ಅವರನ್ನು ಕಂಡುಬಿಟ್ಟರು. ಇನ್ನು ಕಾಯುವಂತಿರಲಿಲ್ಲ. ಎಡದ ಕೊಂಬಿನಲ್ಲಿ ‘ಇನ್ಗೊಬಮಖೋಸಿ’ ಮತ್ತು ‘ಉವೆ’ ಎಂಬ ಹುಡುಗರ ದಳಗಳು, ಎದೆಯಲ್ಲಿ ‘ಉಖಂಡೆಂಪೆಂವು’. ಲಾರ್ಡ್ ಚೆಲ್ಮ್ಸ್‌ಫರ್ಡ್ ಅರ್ಧ ಸೈನ್ಯವನ್ನು ಜುಲುಗಳನ್ನು ಹುಡುಕಲು ಬೇರೆ ಕಡೆಗೆ ಕರೆದೊಯ್ದಿದ್ದ. ಶಿಬಿರದಲ್ಲಿ ಉಳಿದವರು ಸುಮಾರು 1,700. ಎದೆಯ ಪಡೆ ಗುಂಡಿನ ಮಳೆಗೆ ಹಳ್ಳಗಳಲ್ಲಿ ಮಲಗಿ ಮುಂದೆ ಹೋಗಲಾರದೆ ನಿಂತಾಗ ಮ್ಖೊಸಾನ ಎಂಬ ನಾಯಕ ಎದ್ದು ನಿಂತು ರಾಜನ ಹೆಸರು ಹೇಳಿ ಹುರಿದುಂಬಿಸಿದ. ಗುಂಡು ತಗುಲಿ ಅಲ್ಲೇ ಬಿದ್ದ. ಆದರೆ ಪಡೆ ಎದ್ದಿತು. ಮಧ್ಯಾಹ್ನ ಸೂರ್ಯನಿಗೂ ಗ್ರಹಣ ಹಿಡಿಯಿತು. ಸಂಜೆಯ ಹೊತ್ತಿಗೆ ಶಿಬಿರದವರಲ್ಲಿ 1,300ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಜುಲುಗಳ ಕಡೆ ಸತ್ತವರು ಸಾವಿರಕ್ಕೆ ಕಡಿಮೆಯಿಲ್ಲ. ನನ್ನ ಮಗ ಶಾಲೆಯಿಂದ ಕೇಳಿ ಬಂದ ರೋರ್ಕ್ಸ್ ಡ್ರಿಫ್ಟ್ ಕದನ ಅದೇ ದಿನ ಸಂಜೆಯದು.

ಇದನ್ನೆಲ್ಲ ಓದಿದ ಮೇಲೆ ಸೈನ್ಯವನ್ನು ಮತ್ತೆ ಕಟ್ಟಿದೆ. ಯುದ್ಧಕ್ಕೆ ಹೋಗುವಾಗ ಹಬ್ಬದ ಗರಿ, ಕುಚ್ಚುಗಳನ್ನು ಬಹುಪಾಲು ಬಿಚ್ಚಿಡುತ್ತಿದ್ದರು. ನಾನೂ ಚಾಕು ಹಿಡಿದು ಗರಿಗಳನ್ನು ಕತ್ತರಿಸಿದೆ. ಕೆಲವರ ಕೈಗೆ ಹಳೇ ನಾಡಕೋವಿ ಕೊಟ್ಟೆ. ಆಫ್ರಿಕ ಎಂದರೆ ಒಣಹುಲ್ಲು ಎಂದುಕೊಂಡು ಗೊಂಬೆಗಳ ಕಾಲಡಿಗೆ ಹಳದಿ ಹುಲ್ಲು ಅಂಟಿಸಿದ್ದೆ. ಜನವರಿಯಲ್ಲಿ ಅಲ್ಲಿ ಬೇಸಿಗೆಯ ಮಳೆಗಾಲ, ಹುಲ್ಲು ಹಸಿರಾಗಿ ಎತ್ತರಕ್ಕೆ ಬೆಳೆದಿರುತ್ತದೆ. ಅದನ್ನೂ ಕೆರೆದು ಬದಲಾಯಿಸಿದೆ. ಮ್ಖೊಸಾನನಿಗೆಂದು ಕೈ ಎತ್ತಿ ನಿಂತ ಒಂದು ಗೊಂಬೆಯನ್ನು ಬೇರೆಯಾಗಿ ಮಾಡಿದೆ. ನಾಲ್ಕನೆಯ ಆಟದಲ್ಲಿ ಎದೆಯನ್ನು ಹಳ್ಳದಲ್ಲಿ ಮಲಗಿಸಿ, ಕೊಂಬುಗಳನ್ನು ಗುಡ್ಡದ ಮರೆಯಲ್ಲಿ ಓಡಿಸಿದೆ. ಮಗನ ಕೆಂಪಂಗಿಗಳ ಹಿಂದೆ ನನ್ನ ಎಡಗೊಂಬು ಬಂದು ನಿಂತಾಗ ಅವನ ಮುಖ ನೋಡಬೇಕಿತ್ತು! “ಅಮ್ಮಾ, ಅಪ್ಪ ಮೋಸ ಮಾಡ್ತಿದ್ದಾರೆ” ಎಂದು ಕನ್ನಡದಲ್ಲೇ ಕೂಗಿದ. ತಾಯಂದಿರೇ, ಮಕ್ಕಳು ಜಗಳ ಆಡುವಾಗ ಯಾವ ಭಾಷೆ ಬರುತ್ತದೋ ಅದೇ ಅವರ ನಿಜವಾದ ಭಾಷೆ. ನಮ್ಮ ಮನೆಯಲ್ಲಿ ದಾಳ ಎಣಿಸುವುದೂ ಜಗಳವಾಡುವುದೂ ಇವತ್ತಿಗೂ ಕನ್ನಡದಲ್ಲೇ.

ಆ ಯುದ್ಧದಲ್ಲಿ ಇನ್ನೊಂದು ಸಂಗತಿ ಹುಡುಗನ ಕಣ್ಣಿಗೆ ಬಿತ್ತು. ಬ್ರಿಟಿಷರ ಹತ್ತಿರ ಒಂದು ರಾಕೆಟ್ ಪಡೆಯೂ ಇತ್ತು. ಅದನ್ನು ಜುಲುಗಳ ಎಡಗೊಂಬು ಮೊದಲಿಗೇ ಸದೆಬಡಿಯಿತು. ಅವು ಹೇಲ್ ಎನ್ನುವವನು ಸುಧಾರಿಸಿದ ರಾಕೆಟ್‌ಗಳು. ಅದಕ್ಕೆ ಹಿಂದಿನದು ಕಾಂಗ್ರೀವನ ರಾಕೆಟ್. ಕಾಂಗ್ರೀವನಿಗೆ ದಾರಿ ತೋರಿದ್ದು ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು. “ಅಂದ್ರೆ ನಮ್ಮದನ್ನೇ ತಗೊಂಡು ಅವರ ಮೇಲೆ ಹಾರಿಸಿದರಾ?” ಎಂದ. ಇನ್ನೂ ಕೇಳಿ. ಆ ಯುದ್ಧಕ್ಕೆ ಕಾರಣನಾದ ಸರ್ ಬಾರ್ಟಲ್ ಫ್ರೆರ್ 1862ರಿಂದ 1867ರ ತನಕ ಮುಂಬಯಿಯ ಗವರ್ನರ್ ಆಗಿದ್ದವನು. ಧಾರವಾಡ, ಬೆಳಗಾವಿಗಳು ಅವನ ಆಳ್ವಿಕೆಯಲ್ಲೇ ಇದ್ದವು. ಅವನು ಆಫ್ರಿಕಕ್ಕೆ ಹೋಗಿ, 1878ರ ಡಿಸೆಂಬರ್ 11ರಂದು ಕೆಚ್ವಾಯೊ ರಾಜನಿಗೆ ‘ಮೂವತ್ತು ದಿನದೊಳಗೆ ನಿನ್ನ ಸೈನ್ಯವ್ಯವಸ್ಥೆಯನ್ನು ಬಿಚ್ಚಿಹಾಕು’ ಎಂದು ಷರತ್ತು ಹಾಕಿದ. ಒಪ್ಪಲಾಗದ ಷರತ್ತೆಂದು ಎಲ್ಲರಿಗೂ ಗೊತ್ತಿತ್ತು. ಜನವರಿ 11ರಂದು ಸೈನ್ಯ ಗಡಿ ದಾಟಿತು. ಇಂಥ ಷರತ್ತುಗಳ ಕಥೆ ಮೈಸೂರಿನವರಾದ ನಮಗೆ ಹೊಸದಲ್ಲ.

ಅದೇ ಬೇಸಿಗೆಯಲ್ಲಿ ಉತ್ತರ ವೇಲ್ಸಿನ ದಾರಿಯಲ್ಲಿ ಪೋವಿಸ್ ಕೋಟೆಗೆ ಹೋಗಿದ್ದೆವು. ನಿಮ್ಮಲ್ಲಿ ಹಲವರು ನೋಡಿರಬಹುದು. ಟಿಪ್ಪು ಸುಲ್ತಾನನ ಡೇರೆ, ಅವನ ಸಿಂಹಾಸನದ ಒಂದು ಹುಲಿಮುಖ ಅಲ್ಲಿವೆ. ಹುಡುಗ ಆ ಡೇರೆಯ ಹೂಬಳ್ಳಿಗಳನ್ನು ಬಹಳ ಹೊತ್ತು ನೋಡಿದ. ಕಾರಿನಲ್ಲಿ ಬರುವಾಗ ಕೇಳಿದ: “ಅಪ್ಪ, ಆಗ ನಾವು ಯಾವ ಕಡೆ ಇರ್ತಿದ್ವಿ?”

ನಾನು ಥಟ್ಟನೆ ‘ಟಿಪ್ಪು ಕಡೆ, ಜುಲುಗಳ ಕಡೆ’ ಎನ್ನಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದಲ್ಲಿ ಬಿಳಿಯರಿಗಿಂತ ನಮ್ಮ ದೇಶದ ಸಿಪಾಯಿಗಳೇ ಹೆಚ್ಚಿದ್ದರು. ಮದರಾಸಿನಿಂದ ಮೊದಲ ಹಡಗಿನ ಕೂಲಿಗಳು 1860ರಲ್ಲಿ ಜುಲುಗಳ ನೆರೆಯ ನಟಾಲಿಗೆ ಹೋಗಿ ಕಬ್ಬಿನ ಗದ್ದೆಯಲ್ಲಿ ದುಡಿದರು, ಅವರು ಯಾವ ಕಡೆ? 1906ರಲ್ಲಿ ಜುಲುಗಳು ಮತ್ತೆ ದಂಗೆಯೆದ್ದಾಗ ಗಾಂಧೀಜಿಯವರು ಬ್ರಿಟಿಷ್ ಸೈನ್ಯದ ಪರವಾಗಿಯೇ ಡೋಲಿ ಹೊರುವ ತಂಡ ಕಟ್ಟಿಕೊಂಡು ಹೋದರು. ಅಲ್ಲಿ ಅವರ ಪಾಲಿಗೆ ಬಂದದ್ದು ಛಡಿಯೇಟು ತಿಂದು ಕೀವುಗಟ್ಟಿದ ಜುಲುಗಳ ಶುಶ್ರೂಷೆ. ಬಿಳಿಯ ಪರಿಚಾರಕರು ಆ ಗಾಯ ತೊಳೆಯಲು ಒಪ್ಪುತ್ತಿರಲಿಲ್ಲ. ಅದು ಯುದ್ಧವೇ ಅಲ್ಲ, ಮನುಷ್ಯರ ಬೇಟೆ ಎಂದು ಅವರಿಗೆ ಅನ್ನಿಸಿದ್ದು ಅಲ್ಲಿ. ನಾನು ಮಗನಿಗೆ, “ಎರಡು ಕಡೆಯಲ್ಲೂ ಇರ್ತಿದ್ವೇನೋ ಕಣೋ. ಯಾವ ಕಡೆ ಇರಬೇಕಿತ್ತು ಅನ್ನೋದು ಬೇರೆ ಪ್ರಶ್ನೆ” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಹತ್ತಿರದ ಊರಿನ ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನ ನಡೆಯಿತು. ನಾನೂ ಸೈನ್ಯ ಹೂಡಿದ್ದೆ. ಬಂದವರೆಲ್ಲ ಗುರಾಣಿಗಳನ್ನು ಹೊಗಳಿದರು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಕ್ವಾಜುಲು-ನಟಾಲಿನ ಹೆಂಗಸೊಬ್ಬರು ಮಗಳ ಜೊತೆ ಬಂದಿದ್ದರು. ಬಹಳ ಹೊತ್ತು ಸುಮ್ಮನೆ ನೋಡಿದರು. ನಾನು ಹಿಗ್ಗಿನಿಂದ ದಳಗಳ ಹೆಸರು ಒಪ್ಪಿಸಿದೆ. ನಸುನಕ್ಕು ನನ್ನ ಉಚ್ಚಾರಣೆ ತಿದ್ದಿದರು. ಆಮೇಲೆ ಎರಡು ಮಾತು ಕೇಳಿದರು. ಒಂದು, “ಇವರೆಲ್ಲ ಒಂದೇ ತಾಯಿಯ ಮಕ್ಕಳೇ?” ಎರಡು, “ಚಾಪೆ ಹೊರುವ ಹುಡುಗರೆಲ್ಲಿ?”

ಮೊದಲನೆಯ ಮಾತಿಗೆ ನಾಚಿಕೆಯಿಂದ ತಲೆ ತಗ್ಗಿತು. ನನ್ನ ಕೆಲಸವೇ ಬಣ್ಣ ನೋಡುವುದು. ಹೊಸ ಹಲ್ಲು ಕೂರಿಸುವ ಮುಂಚೆ ಶೇಡ್ ಗೈಡ್ ಹಿಡಿದು ಹದಿನಾರು ಬಿಳುಪುಗಳಲ್ಲಿ ಯಾವುದು ಈ ರೋಗಿಗೆ ಹೊಂದುತ್ತದೆ ಎಂದು ಹುಡುಕುತ್ತೇನೆ. ಇಬ್ಬರ ಹಲ್ಲು ಒಂದೇ ಬಣ್ಣ ಎಂದು ಯಾವತ್ತೂ ಹೇಳಿದವನಲ್ಲ. ಅಂಥ ನಾನು ಒಂದು ಜನಾಂಗಕ್ಕೆಲ್ಲ ಒಂದೇ ಡಬ್ಬಿಯ ಕಂದು ಹಚ್ಚಿದ್ದೆ! ‘ನೀವು ಇಂಡಿಯನ್ನರೆಲ್ಲ ನೋಡೋಕೆ ಒಂದೇ ಥರ’ ಎಂಬ ಮಾತು ಈ ದೇಶಕ್ಕೆ ಬಂದ ಹೊಸತರಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಆಗ ಎಷ್ಟು ಸಿಟ್ಟು ಬಂದಿತ್ತು ಎಂಬುದು ನೆನಪಾಯಿತು.

ಎರಡನೆಯದು ನನಗೆ ಪುಸ್ತಕದಲ್ಲಿ ಓದಿ ಮರೆತಿದ್ದ ವಿಷಯ. ಸೈನ್ಯ ಹೊರಟಾಗ ಹನ್ನೆರಡು ಹದಿಮೂರರ ಹುಡುಗರು ಅಣ್ಣಂದಿರ, ಅಪ್ಪಂದಿರ ಚಾಪೆ, ಊಟದ ಬುತ್ತಿ ಹೊತ್ತು ಜೊತೆಗೆ ನಡೆಯುತ್ತಿದ್ದರು. ‘ಉದಿಬಿ’ ಎಂದು ಅವರನ್ನು ಕರೆಯುತ್ತಾರೆ. ತಮ್ಮ ಹಿರಿಯರೊಬ್ಬರು ಹಾಗೆ ಚಾಪೆ ಹೊತ್ತು ಹೋಗಿದ್ದರೆಂದು ತಮ್ಮ ಮನೆಯಲ್ಲಿ ಹೇಳುತ್ತಾರೆ ಎಂದರು ಆಕೆ. ಹೋಗುವಾಗ ಎರಡು ಚಾಪೆ, ಬರುವಾಗ ಒಂದೇ ಚಾಪೆ. ಅಷ್ಟು ಹೇಳಿ ಮಗಳ ಕೈ ಹಿಡಿದು ಮುಂದಿನ ಮೇಜಿಗೆ ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಸಾಂಡ್ಲ್ವಾನದಲ್ಲಿ ಬ್ರಿಟಿಷರು ಸತ್ತಲ್ಲೆಲ್ಲ ಸುಣ್ಣ ಬಳಿದ ಕಲ್ಲುಗುಪ್ಪೆಗಳಿವೆ, ಹೆಸರು ಕೆತ್ತಿದ ಸ್ಮಾರಕಗಳಿವೆ. ಅಲ್ಲಿ ಬಿದ್ದ ಜುಲುಗಳಿಗೆ ಯೋಧರ ಕಂಠಾಭರಣದ ರೂಪದ ಕಂಚಿನ ಸ್ಮಾರಕ ಆದದ್ದು 1999ರಲ್ಲಿ, ನೂರಿಪ್ಪತ್ತು ವರ್ಷಗಳ ಮೇಲೆ. ರೋರ್ಕ್ಸ್ ಡ್ರಿಫ್ಟಿನಲ್ಲಿ ಬೆಳಗಾದ ಮೇಲೆ ಗಾಯಾಳು ಜುಲುಗಳನ್ನೂ ಕೊಂದರು, ಸಿನಿಮಾದಲ್ಲಿ ಅದಿಲ್ಲ. 1879ರ ಜುಲೈ 4ರಂದು ಉಲುಂಡಿಯಲ್ಲಿ ಗ್ಯಾಟ್ಲಿಂಗ್ ಬಂದೂಕುಗಳ ಮುಂದೆ ಜುಲು ರಾಜ್ಯ ಮುರಿದುಬಿತ್ತು. ಕೆಚ್ವಾಯೊ ಸೆರೆಯಾದ. 1882ರಲ್ಲಿ ಲಂಡನ್ನಿಗೆ ಬಂದು ವಿಕ್ಟೋರಿಯಾ ರಾಣಿಯನ್ನು ಕಂಡು ತನ್ನ ರಾಜ್ಯವನ್ನು ಕೇಳಿದ. ಅವನು ತಂಗಿದ್ದ ಕೆನ್ಸಿಂಗ್ಟನ್ನಿನ ಮೆಲ್ಬರಿ ರಸ್ತೆಯ ಮನೆಗೆ ಈಗ ನೀಲಿ ಫಲಕ ಹಾಕಿದ್ದಾರೆ. ಲಂಡನ್ನಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ಇದನ್ನೆಲ್ಲ ತಿಳಿದೂ ದಾಳ ಎಸೆದು ಆಡುವುದು ಸರಿಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆರು ತಿಂಗಳು ಪೆಟ್ಟಿಗೆ ತೆರೆಯಲಿಲ್ಲ. ಕೊನೆಗೆ ನನಗನ್ನಿಸಿದ್ದು ಇಷ್ಟು: ಆಡದೇ ಇದ್ದಿದ್ದರೆ ನನಗೆ ಜುಲು ಎಂದರೆ ಆ ಸಿನಿಮಾದಲ್ಲಿ ಬೆಟ್ಟದ ಮೇಲೆ ಸಾಲಾಗಿ ಕಾಣಿಸಿಕೊಳ್ಳುವ ಹೆಸರಿಲ್ಲದ ಗುಂಪು ಅಷ್ಟೇ ಆಗಿರುತ್ತಿತ್ತು. ಒಬ್ಬೊಬ್ಬನ ಮುಖಕ್ಕೂ ಕುಂಚ ಹಿಡಿದು ಕೂತಾಗಲೇ ಇವನಿಗೆ ವಯಸ್ಸೆಷ್ಟು, ಮದುವೆಯಾಗಿತ್ತೇ, ಇವನ ಚಾಪೆ ಹೊತ್ತವನು ಯಾರು ಎಂದು ಕೇಳುವ ಅಭ್ಯಾಸವಾದದ್ದು. ಪೆಟ್ಟಿಗೆ ತೆರೆದು ನಾಲ್ಕು ಬಗೆಯ ಕಂದು ಬಣ್ಣ ಕಲಸಿಕೊಂಡು ಇನ್ನೂರು ಜನರ ಮುಖವನ್ನೂ ಮತ್ತೆ ಬರೆದೆ. ಎರಡು ಚಳಿಗಾಲ ಹಿಡಿಯಿತು. ಚಾಪೆ ಹೊತ್ತ ಮೂರು ಹುಡುಗರನ್ನು ಕೈಯಾರೆ ಮಾಡಿದೆ. ಆಟದಲ್ಲಿ ಅವರಿಗೆ ಯಾವ ಕೆಲಸವೂ ಇಲ್ಲ, ಅವರನ್ನು ಯಾರೂ ಹೊಡೆಯುವಂತೆಯೂ ಇಲ್ಲ. ಅದು ನಮ್ಮ ಮನೆಯ ನಿಯಮ.

ಮನೆಯಲ್ಲಿ ಬೆಳೆಯುವ ಮಕ್ಕಳಿರುವವರಿಗೆ ಒಂದು ಕಿವಿಮಾತು. ಯಾವ ಸೈನ್ಯವಾದರೂ ಸರಿ, ಹದಿನಾರು ಗೊಂಬೆಗಳಿಂದ ಶುರು ಮಾಡಿ. ಊಟದ ಮೇಜು ಸಾಕು. ಮಗು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಬಣ್ಣ ಹಚ್ಚಲಿ, ಅವಸರಪಡಿಸಬೇಡಿ. ಆದರೆ ಆಟದ ಎದುರಾಳಿ ಯಾರೆಂದು ಮಾತ್ರ ವಿಚಾರಿಸಿ, ಆ ಎದುರಾಳಿಯ ಕಥೆಯನ್ನು ನೀವು ಓದಿ ಹೇಳಿ. ಇತಿಹಾಸದ ಪಾಠ ಅಲ್ಲಿಂದ ಶುರುವಾಗುತ್ತದೆ.

ಮಗ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಕ್ರಿಸ್ಮಸ್ ರಜೆಗೆ ಬಂದವನು ತಾನೇ ಮೇಜಿಗೆ ಬಟ್ಟೆ ಹಾಸಿದ. ಜುಲುಗಳ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು, “ಈ ಸಲ ನೀನು ಕೆಂಪಂಗಿ ಆಗಪ್ಪ” ಎಂದ. ಆದೆ. ಎರಡು ಗಂಟೆಯೊಳಗೆ ಸೋತೆ. ಅವನ ಬಲಗೊಂಬು ಎಲ್ಲಿಂದ ಬಂತೆಂದು ಇನ್ನೂ ಗೊತ್ತಾಗಿಲ್ಲ.

ಕಡೆಯದಾಗಿ, ನಮ್ಮ ಮನೆಯಲ್ಲೂ ಪ್ರತಿ ವರ್ಷ ದಸರಾ ಗೊಂಬೆ ಇಡುತ್ತೇವೆ. ನಮ್ಮಮ್ಮನ ಪಟ್ಟದ ಗೊಂಬೆಗಳು ಈಗ ಇಲ್ಲಿವೆ. ಹೋದ ವರ್ಷ ನೋಡುತ್ತೇನೆ, ಕೆಳಗಿನ ಮೆಟ್ಟಿಲಲ್ಲಿ ಮಣ್ಣಿನ ಸಿಪಾಯಿಗಳ ಪಕ್ಕದಲ್ಲಿ ಚಾಪೆ ಹೊತ್ತ ಆ ಮೂವರು ಹುಡುಗರು ನಿಂತಿದ್ದಾರೆ. ಇಟ್ಟವಳು ನನ್ನ ಹೆಂಡತಿ. ಯಾಕೆ ಎಂದು ಕೇಳಿದೆ. “ಪಾಪ, ಎಷ್ಟು ದೂರ ನಡೆದಿದ್ದಾವೋ. ಹಬ್ಬಕ್ಕೆ ಬರಲಿ ಬಿಡಿ” ಎಂದಳು.

ಹೊರಗಿನ ಮೇಜಿನ ಮೇಲೆ ಅರುವತ್ತು ಯೋಧರನ್ನು ತಂದು ನಿಲ್ಲಿಸಿದ್ದೇನೆ. ಮಕ್ಕಳು ಮುಟ್ಟಿ ನೋಡಬಹುದು. ದೊಡ್ಡವರು ಊಟ ಮುಗಿಸಿ, ಕೈ ತೊಳೆದು ಬನ್ನಿ.